ಪ್ಯಾಕೇಜ್, ಮರುಪ್ರಸಾರ ಶುಲ್ಕ, ರಾಯಲ್ಟಿ: ಕಿರುತೆರೆ ಕಲಾವಿದರು ಯಾವುದಕ್ಕೆ ಸಹಿ ಹಾಕಬೇಕು?

2020ರ ಮಾರ್ಚ್ 28ರ ಬೆಳಿಗ್ಗೆ ದೂರದರ್ಶನ ‘ರಾಮಾಯಣ’ವನ್ನು ಮೊದಲಿನಿಂದ ಮತ್ತೆ ತೋರಿಸಲು ಶುರು ಮಾಡಿತು. ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡು ಕೂತಿದ್ದ ಕಾಲ. ಏಪ್ರಿಲ್ 16ರಂದು ಒಂದೇ ದಿನ 7.7 ಕೋಟಿ ಜನ ನೋಡಿದರು ಎಂದು ದೂರದರ್ಶನವೇ ಹೆಮ್ಮೆಯಿಂದ ಹೇಳಿಕೊಂಡಿತು. ನಡುನಡುವೆ ಜಾಹೀರಾತೂ ಬಂತು. 1987–88ರಲ್ಲಿ ಬಣ್ಣ ಹಚ್ಚಿದ್ದ ಕಲಾವಿದರು ಅಷ್ಟು ಹೊತ್ತಿಗೆ ಅಜ್ಜ ಅಜ್ಜಿಯರಾಗಿದ್ದರು, ಕೆಲವರು ತೀರಿಕೊಂಡಿದ್ದರು. ಹೀಗೆ ಮೂರು ದಶಕದ ನಂತರ ಅವರ ಮುಖ, ದನಿ, ದುಡಿಮೆ ಮತ್ತೊಮ್ಮೆ ಮನೆಮನೆಗೆ ಬಂದಾಗ ಅವರಿಗೋ ಅವರ ಮನೆಯವರಿಗೋ ಏನು ಸಿಗಬೇಕು?

ಇದೇ ಪ್ರಶ್ನೆಯನ್ನು ಬ್ರಿಟನ್ನಿನಲ್ಲಿ ಬಿಬಿಸಿಗೆ ಕೆಲಸ ಮಾಡಿದ ನಟನ ಮುಂದಿಟ್ಟರೆ ಅವನು ತನ್ನ ಕರಾರು ಪತ್ರ ತೆಗೆದು ತೋರಿಸುತ್ತಾನೆ. ಮೂಲ ಸಂಭಾವನೆಯ ಮೇಲೆ ಇಂತಿಷ್ಟು ಶೇಕಡಾ ಎಂದು ಅದರಲ್ಲಿ ಬರೆದಿರುತ್ತದೆ. ನಮ್ಮಲ್ಲಿ ಬಹುಪಾಲು ಕಲಾವಿದರ ಬಳಿ ತೋರಿಸಲು ಒಂದು ಹಾಳೆಯೂ ಇರುವುದಿಲ್ಲ. ಈ ಬರಹ ಬರೆಯುತ್ತಿರುವುದು ಅವರಿಗಾಗಿ. ರಂಗಭೂಮಿಯಿಂದ ಬಂದು ಮೊದಲ ಧಾರಾವಾಹಿಗೆ ಒಪ್ಪಿಕೊಳ್ಳುತ್ತಿರುವವರು, ಚಂದನಕ್ಕೆ ಹದಿಮೂರು ಕಂತಿನ ಕಥೆ ಮಾಡುವ ತಂಡದವರು, ಮಗುವನ್ನು ಕ್ಯಾಮೆರಾ ಮುಂದೆ ನಿಲ್ಲಿಸುತ್ತಿರುವ ತಂದೆತಾಯಿ, ಲಂಡನ್ನಿನಲ್ಲೋ ಮ್ಯಾಂಚೆಸ್ಟರಿನಲ್ಲೋ ಇದ್ದು ಬಿಬಿಸಿಯ ಸಣ್ಣ ಪಾತ್ರವೊಂದು ಸಿಕ್ಕಿರುವ ಕನ್ನಡಿಗರು, ಎಲ್ಲರ ಮುಂದೆಯೂ ಬರುವ ಆಯ್ಕೆ ಹೆಚ್ಚುಕಡಿಮೆ ಒಂದೇ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಯಾವುದರಲ್ಲಿ ದುಡ್ಡು ಜಾಸ್ತಿ ಎಂದು ಕೇಳುವ ಮೊದಲು, ಯಾವುದರ ಲೆಕ್ಕವನ್ನು ನಾನೇ ಹಿಡಿಯಬಲ್ಲೆ ಎಂದು ಕೇಳಿಕೊಳ್ಳಿ.

ಕ್ರಯ, ಗೇಣಿ, ವಾರ

ಹೊಲ ಇದ್ದವರಿಗೆ ಈ ಮೂರು ದಾರಿ ಬಿಡಿಸಿ ಹೇಳಬೇಕಿಲ್ಲ. ಪ್ಯಾಕೇಜ್ ಎಂದರೆ ಹೊಲವನ್ನು ಕ್ರಯಕ್ಕೆ ಕೊಟ್ಟಂತೆ: ಒಂದು ಮೊತ್ತ, ಒಂದು ಸಹಿ, ಆಮೇಲೆ ಅಲ್ಲಿ ಏನು ಬೆಳೆದರೂ ನಿಮಗೆ ಸಂಬಂಧವಿಲ್ಲ. ಮರುಪ್ರಸಾರ ಶುಲ್ಕ ಗೇಣಿ ಇದ್ದಂತೆ. ಬೆಳೆ ಬಂದರೂ ಸರಿ, ಹೋದರೂ ಸರಿ, ಒಮ್ಮೆ ಪ್ರಸಾರ ಮಾಡಿದರೆ ಮಾತಾಡಿದಷ್ಟು ಕೊಡಬೇಕು. ರಾಯಲ್ಟಿ ಹೊಲವನ್ನು ವಾರಕ್ಕೆ, ಅಂದರೆ ಬೆಳೆಯ ಪಾಲಿಗೆ, ಕೊಟ್ಟ ಹಾಗೆ. ಬಂದ ಆದಾಯದಲ್ಲಿ ಪಾಲು. ಫಸಲು ಹುಲುಸಾಗಿ ಬಂದ ವರ್ಷ ವಾರವೇ ಲಾಭ, ನಿಜ. ಆದರೆ ಕಣದಲ್ಲಿ ಅಳೆಯುವಾಗ ನೀವು ಅಲ್ಲಿರಬೇಕು.

ಕಿರುತೆರೆಯ ಕಣದಲ್ಲಿ ನಟ ಇರುವುದೇ ಇಲ್ಲ, ಕಷ್ಟ ಇರುವುದು ಅಲ್ಲೇ. ಧಾರಾವಾಹಿಯನ್ನು ಯಾರಿಗೆ ಮಾರಿದರು, ಎಷ್ಟಕ್ಕೆ ಮಾರಿದರು, ಅದರಲ್ಲಿ ಖರ್ಚು ಎಂದು ಎಷ್ಟು ಕಳೆದರು, ಎಲ್ಲವೂ ಮಾರಿದವರ ಪುಸ್ತಕದಲ್ಲಿರುತ್ತದೆ. ಮರುಪ್ರಸಾರ ಹಾಗಲ್ಲ. ಟೀವಿಯಲ್ಲಿ ಬಂದದ್ದು ಊರಿಗೆಲ್ಲ ಕಾಣುತ್ತದೆ. ತೀರ್ಥಹಳ್ಳಿಯಲ್ಲಿರುವ ನಿಮ್ಮ ಅತ್ತೆಯೇ ಫೋನು ಮಾಡಿ, ‘ನಿನ್ನ ಹಳೇ ಸೀರಿಯಲ್ಲು ಮತ್ತೆ ಬರ್ತಾ ಇದೆ ಕಣೇ’ ಎಂದು ಹೇಳುತ್ತಾರೆ.

ಬಿಬಿಸಿಯಲ್ಲಿ ಇದು ಬೆಳೆದ ಬಗೆ

ಬ್ರಿಟನ್ನಿನ ನಟರು ಮರುಪ್ರಸಾರದ ವಿಷಯದಲ್ಲಿ ಯಾಕಿಷ್ಟು ಬಿಗಿ ಎಂದು ತಿಳಿಯಬೇಕಾದರೆ ಟೀವಿಯ ಮೊದಲ ದಿನಗಳನ್ನು ನೋಡಬೇಕು. ಆಗ ನಾಟಕಗಳು ಸ್ಟುಡಿಯೋದಿಂದ ನೇರ ಪ್ರಸಾರ. ಇನ್ನೊಮ್ಮೆ ತೋರಿಸಬೇಕಾದರೆ ಇನ್ನೊಮ್ಮೆ ಆಡಬೇಕು. ಜಾರ್ಜ್ ಆರ್ವೆಲ್ ಕಾದಂಬರಿ ಆಧರಿಸಿದ ‘1984’ ನಾಟಕ 1954ರ ಡಿಸೆಂಬರ್ 12ರ ಭಾನುವಾರ ಬಿಬಿಸಿಯಲ್ಲಿ ಬಂತು. ಅದರ ಭೀಕರತೆ ಕಂಡು ಪಾರ್ಲಿಮೆಂಟಿನಲ್ಲೂ ಗದ್ದಲವಾಯಿತು. ಅದೇ ವಾರದ ಗುರುವಾರ, ಡಿಸೆಂಬರ್ 16ರಂದು, ನಾಯಕ ನಟ ಪೀಟರ್ ಕುಶಿಂಗ್ ಮತ್ತು ಇಡೀ ತಂಡ ಸ್ಟುಡಿಯೋಗೆ ಮತ್ತೆ ಬಂದು ಮೊದಲಿಂದ ಕೊನೆವರೆಗೆ ಇನ್ನೊಮ್ಮೆ ಅಭಿನಯಿಸಿತು. ಎರಡನೇ ಸಲದ ಪ್ರಸಾರ ಎಂದರೆ ಎರಡನೇ ಸಲದ ದುಡಿಮೆ, ಎರಡನೇ ಸಲದ ಸಂಭಾವನೆ. ಅದರಲ್ಲಿ ವಾದಕ್ಕೇ ಜಾಗವಿರಲಿಲ್ಲ.

ವಿಡಿಯೋ ಟೇಪು ಬಂದ ಮೇಲೆ ನಟ ಮನೆಯಲ್ಲಿದ್ದಾಗಲೂ ಅವನ ಅಭಿನಯ ಪರದೆ ಮೇಲೆ ಓಡಬಹುದು ಎಂದಾಯಿತು. 1930ರಲ್ಲಿ ಹುಟ್ಟಿದ್ದ ನಟರ ಸಂಘ ಈಕ್ವಿಟಿಗೆ ಎರಡು ಭಯ. ಒಂದು, ಕಲಾವಿದನಿಗೆ ಕೊಡದೆ ಅವನ ಕೆಲಸವನ್ನು ಬಳಸಿಕೊಳ್ಳುತ್ತಾರೆ. ಇನ್ನೊಂದು, ಹಳೆಯದನ್ನೇ ತಿರುಗಿಸಿ ಹಾಕುತ್ತ ಹೊಸ ಕೆಲಸ ಕೊಡುವುದನ್ನೇ ನಿಲ್ಲಿಸುತ್ತಾರೆ. ಹಾಗಾಗಿ ಒಪ್ಪಂದಗಳಲ್ಲಿ ಎರಡು ಕಟ್ಟುಪಾಡು ಬಂದವು. ಮರುಪ್ರಸಾರಕ್ಕೆ ಶುಲ್ಕ ಕೊಡಬೇಕು, ಎಷ್ಟು ಸಲ ಮತ್ತು ಎಷ್ಟು ವರ್ಷದೊಳಗೆ ಎಂಬುದಕ್ಕೂ ಮಿತಿ ಇರಬೇಕು.

ಮೊದಲ ಕಟ್ಟುಪಾಡು ನಟರನ್ನು ಕಾಯಿತು. ಎರಡನೆಯದು ಯಾರೂ ಬಯಸದ ಒಂದು ನಷ್ಟಕ್ಕೆ ದಾರಿ ಮಾಡಿತು. ಮರುಪ್ರಸಾರದ ಹಕ್ಕು ಮುಗಿದ ಟೇಪನ್ನು ಕಪಾಟಿನಲ್ಲಿ ಇಟ್ಟುಕೊಂಡು ಏನು ಮಾಡುವುದು? ಎರಡಿಂಚಿನ ಆ ಟೇಪುಗಳು ಬಹಳ ದುಬಾರಿ, ಅಳಿಸಿ ಮತ್ತೆ ಬಳಸಬಹುದು. ಬಣ್ಣದ ಟೀವಿ ಬಂದಾಗ ಕಪ್ಪು ಬಿಳುಪಿನದು ಯಾರಿಗೂ ಬೇಡವೆನಿಸಿತು. ಸಂಗ್ರಹಿಸಿಡಬೇಕೆಂಬ ನಿಯಮವೂ ಇರಲಿಲ್ಲ. ಹೀಗೆ ಅನೇಕ ಕಾರಣ ಸೇರಿ ಎಪ್ಪತ್ತರ ದಶಕದ ಕೊನೆಯವರೆಗೂ ಬಿಬಿಸಿ ತನ್ನ ಕಾರ್ಯಕ್ರಮಗಳನ್ನು ತಾನೇ ಅಳಿಸಿತು. ‘ಡಾಕ್ಟರ್ ಹೂ’ ಸರಣಿಯ ಅರವತ್ತರ ದಶಕದ ಕಂತುಗಳಲ್ಲಿ ತೊಂಬತ್ತಕ್ಕೂ ಹೆಚ್ಚು ಬಿಬಿಸಿಯ ಸಂಗ್ರಹದಿಂದಲೇ ಕಾಣೆಯಾದವು. 2013ರಲ್ಲಿ ಒಂಬತ್ತು ಕಂತು ಸಿಕ್ಕಿದ್ದು ಲಂಡನ್ನಿನಲ್ಲಲ್ಲ, ನೈಜೀರಿಯಾದ ಜೋಸ್ ಪಟ್ಟಣದ ಟೀವಿ ಕೇಂದ್ರದಲ್ಲಿ. ಹೊರದೇಶಕ್ಕೆ ಮಾರಿದ್ದ ಫಿಲ್ಮ್ ಪ್ರತಿಗಳು ಅಲ್ಲಿ ಉಳಿದಿದ್ದವು.

ಇದರಿಂದ ನಾನು ತಿಳಿದುಕೊಂಡಿದ್ದು ಇಷ್ಟು. ಮರುಪ್ರಸಾರಕ್ಕೆ ಬೆಲೆ ಕಟ್ಟಿ, ತಡೆ ಹಾಕಬೇಡಿ. ‘ಎರಡು ಸಲಕ್ಕಿಂತ ಹೆಚ್ಚು ತೋರಿಸಕೂಡದು’ ಎಂಬ ಷರತ್ತಿಗಿಂತ ‘ತೋರಿಸಿದಾಗಲೆಲ್ಲ ಇಷ್ಟು ಕೊಡಬೇಕು’ ಎಂಬುದು ನಟನಿಗೂ ಒಳ್ಳೆಯದು, ಕೃತಿಗೂ ಒಳ್ಳೆಯದು. ಅಳಿಸಿಹೋದ ಕಂತಿನಿಂದ ಯಾರಿಗೂ ಕಾಸು ಹುಟ್ಟುವುದಿಲ್ಲ.

ಈಗಿನ ವ್ಯವಸ್ಥೆಯಲ್ಲಿ ಬಿಬಿಸಿಯ ಮುಖ್ಯ ವಾಹಿನಿಗಳಲ್ಲಿ ಮತ್ತೆ ಬಂದರೆ ನಟನ ಮೂಲ ಸಂಭಾವನೆಯ ಒಂದು ಶೇಕಡಾ ಕೊಡುತ್ತಾರೆ. ಬೇರೆ ವಾಹಿನಿಗೆ, ಹೊರದೇಶಕ್ಕೆ, ಡಿವಿಡಿಗೆ ಮಾರಿದಾಗ ಬಂದ ಹಣದಲ್ಲಿ ಕಲಾವಿದರಿಗೆಂದು ಒಂದು ಭಾಗ ತೆಗೆದು, ಅವರವರ ಸಂಭಾವನೆಗೆ ತಕ್ಕಂತೆ ಹಂಚುತ್ತಾರೆ. ಅಂದರೆ ಮನೆಯೊಳಗಿನ ಬಳಕೆಗೆ ಗೇಣಿ, ಹೊರಗಿನ ಮಾರಾಟಕ್ಕೆ ವಾರ. ಹೊರಗಿನ ನಿರ್ಮಾಪಕರು ಬಿಬಿಸಿಗೆ ಮಾಡಿಕೊಡುವ ಕಾರ್ಯಕ್ರಮವಾದರೆ ಅವರ ಒಕ್ಕೂಟ ಪ್ಯಾಕ್ಟ್ ಜೊತೆ ಈಕ್ವಿಟಿ ಮಾಡಿಕೊಂಡ ಒಪ್ಪಂದ ಅನ್ವಯವಾಗುತ್ತದೆ. ಅದರಲ್ಲಿ ನಿರ್ಮಾಪಕ ಕೆಲವು ಬಳಕೆಗಳಿಗೆ ಮೊದಲೇ ಹಣ ಕಟ್ಟಿ ಹಕ್ಕು ಪಡೆಯುವ ಅವಕಾಶವೂ ಇದೆ. ಅಲ್ಲಿರುವ ಕನ್ನಡಿಗರಿಗೆ ಒಂದು ಮಾತು: ಕರಾರು ಬಂದಾಗ ಕೆಲಸ ಬಿಬಿಸಿಯ ಸ್ವಂತದ್ದೋ ಹೊರಗಿನವರದ್ದೋ ಎಂದು ಮೊದಲು ನೋಡಿ. ಮುಂಗಡವಾಗಿ ಕೊಂಡುಕೊಂಡ ಬಳಕೆಗಳ ಪಟ್ಟಿ ಎಷ್ಟು ಉದ್ದವೋ ಮುಂದೆ ಬರುವ ಚೆಕ್ಕುಗಳು ಅಷ್ಟು ಕಡಿಮೆ.

‘ಫಾಲ್ಟಿ ಟವರ್ಸ್’ ಎಂಬ ಹಾಸ್ಯ ಸರಣಿ ಬಂದದ್ದು 1975ರಲ್ಲಿ ಆರು ಕಂತು, 1979ರಲ್ಲಿ ಆರು ಕಂತು, ಒಟ್ಟು ಹನ್ನೆರಡು. ಅರ್ಧ ಶತಮಾನ ಕಳೆದರೂ ಅದನ್ನು ತೋರಿಸುತ್ತಲೇ ಇದ್ದಾರೆ. ಇಂಥದ್ದರಲ್ಲಿ ಪಾತ್ರ ಮಾಡಿದವರಿಗೆ ಪ್ಯಾಕೇಜಿಗೂ ಮರುಪ್ರಸಾರ ಶುಲ್ಕಕ್ಕೂ ಇರುವ ಅಂತರ ಯಾರೂ ಹೇಳಿಕೊಡಬೇಕಿಲ್ಲ. ಒಂದು ತೊಡಕು ಮಾತ್ರ ಇದೆ. 1975ರ ಸಂಭಾವನೆಯ ಶೇಕಡಾ ಲೆಕ್ಕ ಇವತ್ತಿನ ಬೆಲೆಯಲ್ಲಿ ಒಂದು ಊಟಕ್ಕೂ ಸಾಲದು. ಅದಕ್ಕೇ ಅಲ್ಲಿನ ಒಪ್ಪಂದಗಳು ಹಳೆಯ ಕಾರ್ಯಕ್ರಮಗಳ ಮೂಲ ಮೊತ್ತವನ್ನು ಕಾಲಕ್ಕೆ ತಕ್ಕಂತೆ ಏರಿಸಿ ಲೆಕ್ಕ ಹಾಕುತ್ತವೆ. ನಮ್ಮವರು ಎರವಲು ತರಬೇಕಾದ ಷರತ್ತುಗಳಲ್ಲಿ ಇದಕ್ಕೆ ಮೊದಲ ಸ್ಥಾನ.

ನಮ್ಮ ಕಾನೂನಿನಲ್ಲಿ ಏನಿದೆ

ಆಗುಂಬೆಯಲ್ಲಿ ಶಂಕರ್ ನಾಗ್ ‘ಮಾಲ್ಗುಡಿ ಡೇಸ್’ ಚಿತ್ರೀಕರಿಸಿದ್ದು ಎಂಬತ್ತರ ದಶಕದಲ್ಲಿ. ಗಿರೀಶ ಕಾರ್ನಾಡ, ವೈಶಾಲಿ ಕಾಸರವಳ್ಳಿ, ಅನಂತ್ ನಾಗ್ ಅವರಿಂದ ಹಿಡಿದು ಸ್ವಾಮಿಯಾಗಿ ಮನೆಮಾತಾದ ಮಾಸ್ಟರ್ ಮಂಜುನಾಥ್‌ವರೆಗೆ ಕನ್ನಡದ ಕಲಾವಿದರ ದಂಡೇ ಅಲ್ಲಿತ್ತು. ದೂರದರ್ಶನದಲ್ಲಿ ಅದು ಎಷ್ಟು ಸಲ ಬಂದಿದೆ ಎಂದು ನೋಡಿದವರಿಗೇ ಲೆಕ್ಕ ತಪ್ಪಿದೆ. ಆದರೆ ಆ ಕಾಲದಲ್ಲಿ ಭಾರತದ ಕಾನೂನಿನಲ್ಲಿ ನಟನಿಗೆ ಅಭಿನಯದ ಮೇಲೆ ಹಕ್ಕು ಎಂಬುದೇ ಇರಲಿಲ್ಲ. 1978ರಲ್ಲಿ ದೇವ್ ಆನಂದ್ ಅವರ ಪ್ರಕರಣದಲ್ಲಿ ಬಾಂಬೆ ಹೈಕೋರ್ಟು, ಸಿನಿಮಾದಲ್ಲಿ ನಟನ ಅಭಿನಯಕ್ಕೆ ಕೃತಿಸ್ವಾಮ್ಯ ಕಾಯ್ದೆಯಲ್ಲಿ ರಕ್ಷಣೆ ಇಲ್ಲ ಎಂದು ಹೇಳಿತ್ತು. ಕರಾರಿನಲ್ಲಿ ಬರೆದುಕೊಂಡಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

1994ರ ತಿದ್ದುಪಡಿ ಕಲಾವಿದರ ಹಕ್ಕನ್ನು 38ನೇ ಕಲಮಿನಲ್ಲಿ ತಂದಿತು, 1995ರಲ್ಲಿ ಅದು ಜಾರಿಯಾಯಿತು. ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈ ಕಿತ್ತುಕೊಂಡಿತ್ತು: ಚಲನಚಿತ್ರಕ್ಕೆ ಒಮ್ಮೆ ಒಪ್ಪಿದರೆ ಮುಂದೆ ಯಾವ ಹಕ್ಕೂ ಇಲ್ಲ ಎಂಬ ಮಾತೂ ಅದೇ ಕಲಮಿನಲ್ಲಿತ್ತು. ಧಾರಾವಾಹಿಯೂ ಕಾನೂನಿನ ಕಣ್ಣಿಗೆ ಚಲನಚಿತ್ರವೇ. ಬಾಗಿಲು ತೆರೆದದ್ದು 2012ರ ತಿದ್ದುಪಡಿ, ಆ ವರ್ಷ ಜೂನ್ 21ರಿಂದ. ಈಗಿನ 38ಎ ಕಲಮಿನ ಪ್ರಕಾರ ನೀವು ಬರವಣಿಗೆಯಲ್ಲಿ ಒಪ್ಪಿದ ಮೇಲೆ ನಿರ್ಮಾಪಕ ನಿಮ್ಮ ಅಭಿನಯವನ್ನು ಬಳಸುವುದಕ್ಕೆ ಅಡ್ಡಿ ಮಾಡುವಂತಿಲ್ಲ. ಆದರೆ ವಾಣಿಜ್ಯ ಬಳಕೆಯಾದರೆ ನಿಮಗೆ ರಾಯಲ್ಟಿ ಸಲ್ಲಬೇಕು. ಈ ಹಕ್ಕಿನ ಆಯಸ್ಸು 50 ವರ್ಷ, ಅಭಿನಯಿಸಿದ ಮರುವರ್ಷದ ಆರಂಭದಿಂದ ಎಣಿಕೆ. ಹತ್ತು ವರ್ಷದ ಮಗು ಇವತ್ತು ಪಾತ್ರ ಮಾಡಿದರೆ ಅದಕ್ಕೆ ಅರವತ್ತಾಗುವವರೆಗೆ ಹಕ್ಕು ಜೀವಂತ. ಮಗುವಿನ ಪರವಾಗಿ ಪ್ಯಾಕೇಜಿಗೆ ಸಹಿ ಹಾಕುವ ತಂದೆತಾಯಿ ಒಂದು ಗಳಿಗೆ ಇದನ್ನು ಯೋಚಿಸಬೇಕು ಎಂಬುದು ನನ್ನ ಕಳಕಳಿಯ ವಿನಂತಿ.

ಹಾಗಾದರೆ ಗಲಾಟೆ ಯಾಕೆ? ಕಾನೂನು ರಾಯಲ್ಟಿ ಎಂದಿತು, ಎಷ್ಟು ಎನ್ನಲಿಲ್ಲ. ಯಾರು ವಸೂಲು ಮಾಡಬೇಕು, ಯಾವ ಪ್ರಸಾರ ವಾಣಿಜ್ಯ ಬಳಕೆ, ಯಾವುದು ಸಾರ್ವಜನಿಕ ಸೇವೆ ಎಂಬುದನ್ನೂ ಬಿಡಿಸಿ ಹೇಳಲಿಲ್ಲ. ದೂರದರ್ಶನದಂಥ ಸಾರ್ವಜನಿಕ ಪ್ರಸಾರ ಸಂಸ್ಥೆಯ ವಿಷಯದಲ್ಲಿ ಈ ಕೊನೆಯ ಪ್ರಶ್ನೆಯೇ ದೊಡ್ಡದು. ಜಾಹೀರಾತು ಹಾಕಿ, ಪ್ರಾಯೋಜಕರನ್ನು ಹಿಡಿದು ತೋರಿಸಿದ್ದನ್ನು ಸೇವೆ ಎನ್ನಲು ನನಗಂತೂ ಮನಸ್ಸು ಬರುವುದಿಲ್ಲ. ಆದರೆ ಆ ವಾದವನ್ನು ಕೋರ್ಟಿಗೆ ಬಿಡುವುದಕ್ಕಿಂತ ಕರಾರಿನಲ್ಲೇ ‘ಜಾಹೀರಾತು ಇರಲಿ ಇಲ್ಲದಿರಲಿ, ಪ್ರತಿ ಮರುಪ್ರಸಾರಕ್ಕೆ’ ಎಂದು ಬರೆಸಿಕೊಳ್ಳುವುದು ಜಾಣತನ.

ಇಲ್ಲಿ ಇನ್ನೊಂದು ಅಂಶ ಬಹಳ ಜನಕ್ಕೆ ಗೊತ್ತಿಲ್ಲ. ಚಲನಚಿತ್ರದಲ್ಲಿ ಸಣ್ಣಪುಟ್ಟದಾಗಿ ಕಾಣಿಸಿಕೊಂಡು, ಹೆಸರಿನ ಪಟ್ಟಿಯಲ್ಲೂ ಜಾಗ ಸಿಗದವರನ್ನು ಕಾಯ್ದೆ ಕಲಾವಿದ ಎಂದೇ ಪರಿಗಣಿಸುವುದಿಲ್ಲ. ಅವರ ಅಭಿನಯವನ್ನು ತಿರುಚಿ ಕೆಡಿಸಿದರೆ ತಕರಾರು ಮಾಡಬಹುದು, ಅಷ್ಟೇ. ಕೊನೆಯಲ್ಲಿ ಓಡುವ ಹೆಸರುಗಳು ಬರಿಯ ಗೌರವದ ವಿಷಯವಲ್ಲ ಎಂದಾಯಿತು. ಒಂದೇ ದೃಶ್ಯದ ಪಾತ್ರವಾದರೂ ಹೆಸರು ಹಾಕಿಸಿಕೊಳ್ಳಿ, ಹಾಕಿದ ಕಂತಿನ ಫೋಟೋ ತೆಗೆದಿಟ್ಟುಕೊಳ್ಳಿ.

ದೂರದರ್ಶನದ ಕೆಲಸವಾದರೆ ಅದು ಯಾವ ಬಗೆಯದು ಎಂದು ಕೇಳಿ. ಕೇಂದ್ರವೇ ತಯಾರಿಸುವುದು ಒಂದು. ಹೊರಗಿನ ನಿರ್ಮಾಪಕನಿಗೆ ದೂರದರ್ಶನ ಹಣ ಕೊಟ್ಟು ಮಾಡಿಸುವುದು ಇನ್ನೊಂದು, ಅಲ್ಲಿ ಹಕ್ಕು ಸಾಮಾನ್ಯವಾಗಿ ದೂರದರ್ಶನದ ಕೈಗೆ ಹೋಗುತ್ತದೆ. 1984ರಲ್ಲಿ ‘ಹಮ್ ಲೋಗ್’ ಧಾರಾವಾಹಿಯ ಕಾಲದಿಂದ ಬೆಳೆದ ಪ್ರಾಯೋಜಿತ ಪದ್ಧತಿಯಲ್ಲಿ ನಿರ್ಮಾಪಕ ಪ್ರಸಾರದ ಶುಲ್ಕ ಕಟ್ಟಿ ಜಾಹೀರಾತಿನ ಸಮಯ ಪಡೆಯುತ್ತಾನೆ, ಹಕ್ಕು ಅವನಲ್ಲೇ ಉಳಿಯುವುದು ವಾಡಿಕೆ. ಮರುಪ್ರಸಾರದ ಹಣ ಯಾರನ್ನು ಕೇಳಬೇಕು ಎಂಬುದು ಇದರ ಮೇಲೆ ನಿಂತಿದೆ. ಹಕ್ಕು ಇಲ್ಲದವನ ಜೊತೆ ಮಾಡಿಕೊಂಡ ಕರಾರಿನಲ್ಲಿ ಎಷ್ಟು ಚೆಂದದ ಷರತ್ತಿದ್ದರೂ ವಸೂಲಾಗುವುದಿಲ್ಲ. ನಿರ್ಮಾಪಕನ ಜೊತೆ ಸಹಿ ಹಾಕುವಾಗ, ‘ಹಕ್ಕು ಬೇರೆಯವರಿಗೆ ಹೋದರೆ ಈ ಹೊಣೆಯೂ ಅವರಿಗೆ ಹೋಗತಕ್ಕದ್ದು’ ಎಂಬ ಸಾಲು ಇರಲಿ.

ಅಂಕಿ ಹಿಡಿದು ನೋಡೋಣ

ಲೆಕ್ಕಕ್ಕೆಂದು ಕೆಲವು ಅಂಕಿಗಳನ್ನು ಊಹಿಸಿಕೊಳ್ಳುತ್ತೇನೆ. ಹದಿಮೂರು ಕಂತಿನ ಸರಣಿ. ಪೋಷಕ ಪಾತ್ರದ ನಟಿ, ದಿನಕ್ಕೆ 5,000 ರೂಪಾಯಿ, ಹತ್ತು ದಿನದ ಕೆಲಸ, ಒಟ್ಟು 50,000. ‘ಮುಂದೇನೂ ಕೇಳಬಾರದು, 60,000 ಕೊಡ್ತೀವಿ’ ಎಂದರೆ ಅದು ಪ್ಯಾಕೇಜ್. ಮೂಲ ಸಂಭಾವನೆಯ ಜೊತೆಗೆ ಇಡೀ ಸರಣಿ ಮತ್ತೆ ಬಂದಾಗಲೆಲ್ಲ ಶೇಕಡಾ 15 ಎಂದರೆ ಪ್ರತಿ ಸಲ 7,500. ಎರಡನೇ ಮರುಪ್ರಸಾರದ ಹೊತ್ತಿಗೆ ಒಟ್ಟು 65,000 ಆಗಿ ಪ್ಯಾಕೇಜನ್ನು ದಾಟುತ್ತದೆ. ಪ್ಯಾಕೇಜಿನಲ್ಲಿ ಹೆಚ್ಚಿಗೆ ಕೊಡುವ ಮೊತ್ತವನ್ನು ಒಂದು ಸಲದ ಮರುಪ್ರಸಾರ ಶುಲ್ಕದಿಂದ ಭಾಗಿಸಿದರೆ ಸಾಕು, ಎಷ್ಟು ಸಲ ಬಂದರೆ ಲಾಭ ಎಂಬುದು ಸಿಗುತ್ತದೆ. ಈ ಭಾಗಾಕಾರವನ್ನು ಸಹಿ ಹಾಕುವ ಮೊದಲು ಮೊಬೈಲಿನಲ್ಲೇ ಮಾಡಿಕೊಳ್ಳಬಹುದು.

ಈಗ ರಾಯಲ್ಟಿ. ಸರಣಿಯನ್ನು ಬೇರೆ ವಾಹಿನಿಗೆ 20 ಲಕ್ಷಕ್ಕೆ ಮಾರಿದರು, ಕಲಾವಿದರ ಪಾಲು ಶೇಕಡಾ 10, ಅಂದರೆ 2 ಲಕ್ಷ ಎಂದುಕೊಳ್ಳಿ. ಎಲ್ಲ ಕಲಾವಿದರ ಸಂಭಾವನೆ ಒಟ್ಟು 15 ಲಕ್ಷವಾಗಿದ್ದರೆ ಈ ನಟಿಯದು ಅದರಲ್ಲಿ ಮೂವತ್ತನೇ ಒಂದು ಭಾಗ. ಕೈಗೆ ಬರುವುದು ಸುಮಾರು 6,667. ಇದೂ ಕೆಟ್ಟದ್ದೇನಲ್ಲ. ಆದರೆ ಕರಾರಿನಲ್ಲಿ ‘ಬಂದ ಹಣದ ಮೇಲೆ’ ಎನ್ನುವ ಬದಲು ‘ನಿವ್ವಳ ಲಾಭದ ಮೇಲೆ’ ಎಂದಿದ್ದರೆ? ಡಬ್ಬಿಂಗ್, ಪ್ರಚಾರ, ಕಮಿಷನ್, ಹಳೆಯ ಸಾಲದ ಬಡ್ಡಿ ಎಲ್ಲ ಕಳೆದು 20 ಲಕ್ಷ ಸೊನ್ನೆಗೆ ಇಳಿಯಬಹುದು. ಸೊನ್ನೆಯಲ್ಲಿ ಶೇಕಡಾ 10 ಸೊನ್ನೆಯೇ. ಅದಕ್ಕಾಗಿ ರಾಯಲ್ಟಿ ಒಪ್ಪುವುದಾದರೆ ಖರ್ಚು ಕಳೆಯದ ಒಟ್ಟು ಆದಾಯದ ಮೇಲೆ ಒಪ್ಪಿ, ವರ್ಷಕ್ಕೊಮ್ಮೆ ಲೆಕ್ಕಪತ್ರ ಕೊಡಬೇಕೆಂಬ ಸಾಲಿನ ಜೊತೆಗೆ.

ಪ್ಯಾಕೇಜನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ವಾರಕ್ಕೆ ಐದಾರು ದಿನ ಬರುವ ದಿನವಹಿ ಧಾರಾವಾಹಿಯಲ್ಲಿ ಮರುದಿನ ಮಧ್ಯಾಹ್ನದ ಮರುಪ್ರಸಾರ ಬಿಟ್ಟರೆ ಐನೂರು ಕಂತುಗಳನ್ನು ಇನ್ನೊಮ್ಮೆ ತೋರಿಸುವುದು ಅಪರೂಪ. ಅಲ್ಲಿ ಮರುಪ್ರಸಾರ ಶುಲ್ಕಕ್ಕೆ ಜಗ್ಗಾಡುವುದಕ್ಕಿಂತ ದಿನದ ಪೇಮೆಂಟ್ ಏರಿಸಿಕೊಳ್ಳುವುದು, ಪೇಮೆಂಟ್ ಎಷ್ಟು ದಿನಕ್ಕೆ ಕೈಸೇರುತ್ತದೆ ಎಂದು ಬರೆಸಿಕೊಳ್ಳುವುದು ಮೇಲು. ಮನೆ ಬಾಡಿಗೆ ತಿಂಗಳ ಐದನೇ ತಾರೀಕಿಗೆ ಕಟ್ಟಬೇಕು, ಮರುಪ್ರಸಾರ ಐದು ವರ್ಷದ ಮೇಲೆ ಬರುತ್ತದೋ ಇಲ್ಲವೋ. ಆ ಕಷ್ಟ ಇರುವವರಿಗೆ ಪ್ಯಾಕೇಜ್ ಬೇಡ ಎಂದು ಉಪದೇಶ ಮಾಡುವ ಹಕ್ಕು ಯಾರಿಗೂ ಇಲ್ಲ.

ಹದಿಮೂರೋ ಇಪ್ಪತ್ತಾರೋ ಕಂತಿನ ಕಥೆ, ಸಾಹಿತ್ಯ ಕೃತಿ ಆಧರಿಸಿದ ಸರಣಿ, ಮಕ್ಕಳ ಕಾರ್ಯಕ್ರಮ, ಪುರಾಣ, ಇವುಗಳ ಮಾತೇ ಬೇರೆ. ಇವು ಹಳತಾಗುವುದಿಲ್ಲ. ರಜೆ ಬಂದಾಗ, ಹಬ್ಬ ಬಂದಾಗ, ಸಾಹಿತಿಯ ಜನ್ಮದಿನ ಬಂದಾಗ ಕಪಾಟಿನಿಂದ ಹೊರಬರುತ್ತಲೇ ಇರುತ್ತವೆ. ಸಾರ್ವಜನಿಕ ಪ್ರಸಾರ ಸಂಸ್ಥೆಗಳು ಹೆಚ್ಚಾಗಿ ಮಾಡುವುದೂ ಇಂಥದ್ದನ್ನೇ. ಇಲ್ಲಿ ಮರುಪ್ರಸಾರ ಶುಲ್ಕವನ್ನು ಬಿಟ್ಟುಕೊಡಬೇಡಿ. ಮೊದಲ ಸಂಭಾವನೆಯಲ್ಲಿ ಒಂದಿಷ್ಟು ಇಳಿಸಿಕೊಂಡಾದರೂ ಇದನ್ನು ಉಳಿಸಿಕೊಳ್ಳಿ. ಮುಖ್ಯ ಪಾತ್ರದವರು, ಜನ ನಿಮ್ಮ ಮುಖ ನೋಡಿಯೇ ಕೊಳ್ಳುತ್ತಾರೆ ಎನ್ನುವ ಮಟ್ಟದವರು, ಮರುಪ್ರಸಾರ ಶುಲ್ಕದ ಮೇಲೆ ಮಾರಾಟದ ರಾಯಲ್ಟಿಯನ್ನೂ ಕೇಳಬೇಕು. ಲೆಕ್ಕ ಕೇಳುವ ಶಕ್ತಿ, ವಕೀಲರನ್ನು ಇಡುವ ಶಕ್ತಿ ಅವರಿಗಿದೆ. ಅವರು ಕೇಳಿದರೆ ತಾನೇ ಹಿಂದಿನವರಿಗೂ ದಾರಿಯಾಗುವುದು.

ಒಬ್ಬೊಬ್ಬರೇ ಆರಿಸಲಾಗದ ನಾಲ್ಕನೇ ದಾರಿ

ಸ್ಪೇನಿನಲ್ಲಿ ಟೀವಿ ವಾಹಿನಿ ನಟರ ಅಭಿನಯವನ್ನು ಪ್ರಸಾರ ಮಾಡಿದರೆ ನಟರಿಗೆ ನ್ಯಾಯವಾದ ಪ್ರತಿಫಲ ಕೊಡಲೇಬೇಕು. ನಟ ತಾನೇ ಬೇಡ ಎಂದು ಬರೆದುಕೊಟ್ಟರೂ ಆ ಹಕ್ಕು ಹೋಗುವುದಿಲ್ಲ. ನಿರ್ಮಾಪಕನನ್ನು ಹಿಡಿದು ಕೂರಬೇಕಿಲ್ಲ, ನಟರದ್ದೇ ಸಂಸ್ಥೆ ವಾಹಿನಿಗಳಿಂದ ವಸೂಲು ಮಾಡಿ ಹಂಚುತ್ತದೆ. ಚಿಲಿ 2008ರಲ್ಲಿ, ಕೊಲಂಬಿಯಾ 2010ರಲ್ಲಿ ಇದೇ ದಾರಿ ಹಿಡಿದವು. ಕೊಲಂಬಿಯಾದ ಕಾನೂನಿಗೆ ರಂಗನಟಿ ಫ್ಯಾನಿ ಮೈಕಿ ಅವರ ಹೆಸರೇ ಇಟ್ಟಿದ್ದಾರೆ. ಜರ್ಮನಿಯ ಸಾರ್ವಜನಿಕ ವಾಹಿನಿಗಳಲ್ಲಿ ಮರುಪ್ರಸಾರ ಸಂಭಾವನೆಯ ಪದ್ಧತಿ ಹಳೆಯದು. ಅದರ ಜೊತೆಗೆ ಕೃತಿ ಎಣಿಸಿದ್ದಕ್ಕಿಂತ ಬಹಳ ಹೆಚ್ಚು ಗಳಿಸಿದರೆ ಮತ್ತೆ ಹೋಗಿ ಕೇಳುವ ಹಕ್ಕನ್ನೂ ಅಲ್ಲಿನ ಕಾನೂನು ಕೊಡುತ್ತದೆ. 1981ರ ‘ದಾಸ್ ಬೂಟ್’ ಚಿತ್ರದ ಛಾಯಾಗ್ರಾಹಕ ಯೋಸ್ಟ್ ವಕಾನೊ ಒಂದೇ ಸಲದ ಸಂಭಾವನೆ ಪಡೆದಿದ್ದವರು. ನಿರ್ಮಾಣ ಸಂಸ್ಥೆಯ ಮೇಲೂ ಸಾರ್ವಜನಿಕ ವಾಹಿನಿಗಳ ಮೇಲೂ ದಾವೆ ಹೂಡಿ, ಒಂದು ದಶಕಕ್ಕೂ ಹೆಚ್ಚು ಕಾಲ ಕೋರ್ಟು ಹತ್ತಿ ಇಳಿದು, ಹೆಚ್ಚುವರಿ ಹಣ ಪಡೆದರು. ಹಕ್ಕಿದೆ ಎಂಬುದಕ್ಕೂ ಇಳಿವಯಸ್ಸಿನಲ್ಲಿ ಅಷ್ಟು ಕಾಲ ಕಾದಾಡಬೇಕಾಯಿತು ಎಂಬುದಕ್ಕೂ ಈ ಪ್ರಕರಣವೇ ಸಾಕ್ಷಿ.

ಭಾರತದಲ್ಲಿ ಗಾಯಕರು 2013ರಲ್ಲಿ ತಮ್ಮದೇ ಸಂಸ್ಥೆ ನೋಂದಾಯಿಸಿ ವಸೂಲಿಗೆ ಇಳಿದರು. ನಟರಲ್ಲಿ ಅಷ್ಟು ಗಟ್ಟಿಯಾದ ವ್ಯವಸ್ಥೆ ಬೆಳೆದಿಲ್ಲ. ಕಾಯ್ದೆ ಬಾಗಿಲು ಮುಚ್ಚಿಲ್ಲ, ಕಲಾವಿದರ ಹಕ್ಕಿನ ಸಂಘಗಳಿಗೆ ಅದರಲ್ಲಿ ಅವಕಾಶವಿದೆ. ಸಣ್ಣ ಪಾತ್ರ ಮಾಡುವ ನೂರಾರು ಜನರಿಗೆ ನಿಜವಾಗಿ ಒದಗುವುದು ಈ ದಾರಿಯೇ ಎಂದು ನಾನು ನಂಬಿದ್ದೇನೆ. ಕಲಾವಿದರ ಸಂಘದ ಮುಂದಿನ ಸಭೆಯಲ್ಲಿ ಕ್ರಿಕೆಟ್ ಟೂರ್ನಿಗೆ ಕೊಡುವ ಸಮಯದಲ್ಲಿ ಅರ್ಧ ಗಂಟೆಯನ್ನು ಇದಕ್ಕೆ ಕೊಡಲಿ.

ಬೇಕಾದಾಗ ನೋಡುವ ಕಾಲದಲ್ಲಿ

ಪ್ರಸಾರವನ್ನು ಎಣಿಸಬಹುದು ಎಂದೆ. ಮೊಬೈಲಿನಲ್ಲಿ ಯಾವಾಗ ಬೇಕಾದರೂ ನೋಡುವಂತಾದಾಗ ಏನನ್ನು ಎಣಿಸುವುದು? ಬಿಬಿಸಿ 2007ರ ಡಿಸೆಂಬರಿನಲ್ಲಿ ಐಪ್ಲೇಯರ್ ತಂದಾಗಿನಿಂದ ಅಲ್ಲಿ ಈ ತಕರಾರು ಇದೆ. ಪ್ರಸಾರ ಭಾರತಿ 2024ರ ನವೆಂಬರ್ 20ರಂದು ಗೋವಾ ಚಿತ್ರೋತ್ಸವದಲ್ಲಿ ತನ್ನ ‘ವೇವ್ಸ್’ ಓಟಿಟಿ ಬಿಡುಗಡೆ ಮಾಡಿತು. ಹಳೆಯ ಧಾರಾವಾಹಿಗಳೂ ಅಲ್ಲಿವೆ. ದೂರದರ್ಶನದ ಯೂಟ್ಯೂಬ್ ವಾಹಿನಿಗಳು ಬೇರೆ.

ಇಲ್ಲಿ ‘ಪ್ರತಿ ಪ್ರಸಾರಕ್ಕೆ’ ಎಂಬ ಮಾತಿಗೆ ಅರ್ಥ ಉಳಿಯುವುದಿಲ್ಲ. ಒಮ್ಮೆ ಏರಿಸಿದ್ದು ಹತ್ತು ವರ್ಷ ಅಲ್ಲೇ ಇರುತ್ತದೆ. ಎಷ್ಟು ಜನ ನೋಡಿದರು ಎಂಬುದರ ಮೇಲೆ ಕೇಳೋಣವೆಂದರೆ ಆ ಅಂಕಿ ಮತ್ತೆ ಅವರ ಪುಸ್ತಕದಲ್ಲೇ. 2023ರಲ್ಲಿ 118 ದಿನ ಮುಷ್ಕರ ಹೂಡಿದ ಅಮೆರಿಕದ ನಟರಿಗೂ ಕೊನೆಗೆ ಸಿಕ್ಕಿದ್ದು, ಮೊದಲ 90 ದಿನದಲ್ಲಿ ದೇಶದ ಚಂದಾದಾರರಲ್ಲಿ ಶೇಕಡಾ 20ರಷ್ಟು ಜನ ನೋಡಿದ ಕಾರ್ಯಕ್ರಮಗಳಿಗೆ ಮಾತ್ರ ಒಂದು ಬೋನಸ್. ಸಣ್ಣ ಭಾಷೆಯ ಸರಣಿಗೆ ಅಂಥ ಗಡಿ ಮುಟ್ಟುವ ಮಾತೇ ಇಲ್ಲ. ಹಾಗಾಗಿ ಅವಧಿಯನ್ನು ಎಣಿಸಿ: ಅಂತರ್ಜಾಲದಲ್ಲಿ ಇಟ್ಟುಕೊಳ್ಳುವ ಪ್ರತಿ ವರ್ಷಕ್ಕೆ ಮೂಲ ಸಂಭಾವನೆಯ ಇಷ್ಟು ಶೇಕಡಾ. ಕ್ಯಾಲೆಂಡರು ನಿಮ್ಮ ಮನೆಯ ಗೋಡೆಯಲ್ಲೂ ಇದೆ.

ವೋಚರಿನ ಹಿಂದುಗಡೆ

ಮಧ್ಯಾಹ್ನದ ಊಟದ ಹೊತ್ತು. ಶೂಟಿಂಗ್ ಮನೆಯ ಜಗಲಿಯಲ್ಲಿ ಪ್ರೊಡಕ್ಷನ್ ಮ್ಯಾನೇಜರ್ ವೋಚರ್ ಪುಸ್ತಕ ಹಿಡಿದು ಬರುತ್ತಾರೆ. ಒಂದು ಕೈಯಲ್ಲಿ ಅನ್ನದ ತಟ್ಟೆ ಇಟ್ಟುಕೊಂಡೇ ಕಲಾವಿದರು ರೆವೆನ್ಯೂ ಸ್ಟಾಂಪಿನ ಮೇಲೆ ಸಹಿ ಹಾಕುತ್ತಾರೆ. ‘ಫುಲ್ ಅಂಡ್ ಫೈನಲ್’ ಎಂದು ಮೊದಲೇ ಅಚ್ಚಾಗಿರುತ್ತದೆ. ಕೆಲವು ಕಡೆ ಅದರ ಜೊತೆ ಇನ್ನೊಂದು ಹಾಳೆ ಇರುತ್ತದೆ: ಈಗಿರುವ ಮತ್ತು ಮುಂದೆ ಬರಬಹುದಾದ ಎಲ್ಲ ಮಾಧ್ಯಮಗಳಲ್ಲಿ, ಪ್ರಪಂಚದಾದ್ಯಂತ, ಶಾಶ್ವತವಾಗಿ. ಯಾರೂ ಓದುವುದಿಲ್ಲ. ಓದುತ್ತ ಕೂತರೆ ‘ಇವರದ್ದು ಸ್ವಲ್ಪ ಕಿರಿಕಿರಿ’ ಎಂಬ ಹೆಸರು ಬರುತ್ತದೆ, ಮುಂದಿನ ಕರೆ ಬರುವುದಿಲ್ಲ ಎಂಬ ಅಂಜಿಕೆ. ಆ ಅಂಜಿಕೆ ಸುಳ್ಳಲ್ಲ. ಅದಕ್ಕೇ ಮಾತು ಬಣ್ಣ ಹಚ್ಚುವ ಮೊದಲೇ ಆಗಬೇಕು, ಕಾಲ್‌ಶೀಟ್ ಕೊಡುವ ದಿನ.

ಕೃತಿಸ್ವಾಮ್ಯ ಕಾಯ್ದೆಯ 39ಎ ಕಲಮು ಕೃತಿಕಾರರಿಗಿರುವ ಕೆಲವು ರಕ್ಷಣೆಗಳನ್ನು ಅಗತ್ಯ ಬದಲಾವಣೆಯೊಂದಿಗೆ ಕಲಾವಿದರಿಗೂ ಕೊಡುತ್ತದೆ. ಹಕ್ಕು ವರ್ಗಾಯಿಸುವುದು ಬರವಣಿಗೆಯಲ್ಲೇ ಆಗಬೇಕು. ಎಷ್ಟು ಅವಧಿಗೆ ಎಂದು ಬರೆಯದಿದ್ದರೆ ಐದು ವರ್ಷ, ಯಾವ ಪ್ರದೇಶಕ್ಕೆ ಎಂದು ಬರೆಯದಿದ್ದರೆ ಭಾರತ ಮಾತ್ರ. ಸಹಿ ಹಾಕಿದಾಗ ಇಲ್ಲದೇ ಇದ್ದ ಮಾಧ್ಯಮ ಅದರಲ್ಲಿ ಸೇರಬೇಕಾದರೆ ಅದನ್ನು ನಿರ್ದಿಷ್ಟವಾಗಿ ಹೆಸರಿಸಿರಬೇಕು. ಅಂದರೆ ಏನೂ ಬರೆಯದ ಖಾಲಿ ಜಾಗ ಕೆಲವೊಮ್ಮೆ ನಿಮ್ಮ ಪರವಾಗಿಯೇ ಇರುತ್ತದೆ, ‘ಶಾಶ್ವತವಾಗಿ’ ಎಂಬ ಒಂದೇ ಒಂದು ಪದ ಅದನ್ನು ಕೆಡಿಸುತ್ತದೆ. ಇಡೀ ಹಾಳೆ ತಿದ್ದಿಸಲು ಆಗದಿದ್ದರೆ ಆ ಪದವನ್ನಾದರೂ ಹೊಡೆದುಹಾಕಿ ವರ್ಷ ಬರೆಸಿ. ‘ಕಾನೂನಿನಂತೆ ಸಲ್ಲುವ ರಾಯಲ್ಟಿಗೆ ಇದರಿಂದ ಬಾಧಕವಿಲ್ಲ’ ಎಂಬ ಸಾಲು ಸೇರಿಸಲು ಯಾವ ಒಳ್ಳೆಯ ನಿರ್ಮಾಪಕನೂ ಬೇಡ ಎನ್ನಲಾರ. ಸಹಿ ಹಾಕಿದ ಪ್ರತಿ ಹಾಳೆಯ ಫೋಟೋ ಅಲ್ಲೇ ತೆಗೆದುಕೊಳ್ಳಿ, ಪ್ರತಿ ಆಮೇಲೆ ಕೊಡ್ತೀವಿ ಎಂದರೆ ಬರುವುದು ಕಷ್ಟ.

ಸರಣಿಯ ಹೆಸರು, ಕಂತಿನ ಸಂಖ್ಯೆ, ಕೆಲಸ ಮಾಡಿದ ದಿನಾಂಕ, ಪಡೆದ ಮೊತ್ತ, ಕಡಿತವಾದ ಟಿಡಿಎಸ್ ಒಂದು ನೋಟ್‌ಬುಕ್ಕಿನಲ್ಲಿ ಇರಲಿ. ಶೇಕಡಾ ಲೆಕ್ಕಕ್ಕೆಲ್ಲ ಮೂಲ ಸಂಭಾವನೆಯೇ ಆಧಾರ, ಅದಕ್ಕೆ ಪುರಾವೆ ಇಲ್ಲದಿದ್ದರೆ ಶೇಕಡಾ ಎಷ್ಟಿದ್ದರೂ ಒಂದೇ. ನಗದು ಬೇಡ, ಬ್ಯಾಂಕಿಗೇ ಹಾಕಿಸಿಕೊಳ್ಳಿ. ಮನೆ ಬದಲಾಯಿಸಿದರೆ, ಬ್ಯಾಂಕ್ ಖಾತೆ ಬದಲಾಯಿಸಿದರೆ ನಿರ್ಮಾಪಕರಿಗೂ ದೂರದರ್ಶನ ಕೇಂದ್ರಕ್ಕೂ ಒಂದು ಪತ್ರ ಹಾಕಿ, ಸ್ವೀಕೃತಿಯ ಮುದ್ರೆ ಪಡೆಯಿರಿ. ಹಕ್ಕು 50 ವರ್ಷ ಬಾಳುವುದರಿಂದ ಆ ನೋಟ್‌ಬುಕ್ಕು ಎಲ್ಲಿದೆ ಎಂದು ಮಕ್ಕಳಿಗೂ ತಿಳಿಸಿರಿ, ಉಯಿಲು ಬರೆಯುವಾಗ ಮನೆ, ಸೈಟು, ಒಡವೆಗಳ ಕೆಳಗೆ ಅಭಿನಯದ ಹಕ್ಕು ಯಾರಿಗೆ ಎಂಬುದನ್ನೂ ಒಂದು ಸಾಲಿನಲ್ಲಿ ಸೇರಿಸಿ.